ಆರ್ಯಭಟ ನಾಲ್ಕು ದಿನ ನೋಡಿದ, ಆಮೇಲೆ ನಾವು ನಲವತ್ತೆಂಟು ವರ್ಷ ಕಾದ್ವಿ

ನಿಮ್ಮ ಮನೇಲಿ ಹಳೇ ನೋಟು ಎತ್ತಿಟ್ಟಿರೋ ಅಜ್ಜನೋ ಅಜ್ಜಿನೋ ಇದ್ರೆ, ಒಂದ್ಸಲ 2 ರೂಪಾಯಿ ನೋಟು ಕೇಳಿ ನೋಡ್ರಿ. ಒಂದು ಕಡೆ ಅಶೋಕ ಸ್ತಂಭದ ಸಿಂಹಗಳು. ತಿರುಗಿಸಿದ್ರೆ ಚೆಂಡೂ ಅಲ್ಲ, ಪೆಟ್ಟಿಗೆನೂ ಅಲ್ಲ ಅನ್ನೋ ಥರದ್ದು, ಮೈಯೆಲ್ಲಾ ಮೂಲೆ ಮೂಲೆ ಇರೋ ಒಂದು ವಸ್ತು. ಅದೇ ಆರ್ಯಭಟ. ಭಾರತದ ಮೊದಲ ಉಪಗ್ರಹ.

ನಾನು ಓದಿದ್ದು ಬಿ.ಕಾಂ. ನೋಟಿನ ಬಗ್ಗೆ ಕೇಳಿದ್ರೆ ಯಾರು ಅಚ್ಚು ಹಾಕ್ತಾರೆ, ಯಾರು ಸಹಿ ಹಾಕ್ತಾರೆ ಅಂತ ಹೇಳ್ತೀನಿ. ಆ ನೋಟಿನ ಹಿಂದೆ ಇರೋ ವಸ್ತುವಿನ ಒಳಗೆ ಏನಿತ್ತು ಅಂತ ಶಾಲೇಲೂ ಯಾರೂ ಹೇಳಲಿಲ್ಲ, ಕಾಲೇಜಲ್ಲೂ ಹೇಳಲಿಲ್ಲ. "ಭಾರತದ ಮೊದಲ ಉಪಗ್ರಹ ಯಾವುದು?" ಅನ್ನೋದು ಎಫ್‌ಡಿಎ ಪರೀಕ್ಷೆಯ ಒಂದು ಮಾರ್ಕಿನ ಪ್ರಶ್ನೆ. ಉತ್ತರ ಬರೆದ್ರೆ ಮುಗೀತು.

ಒಳಗೆ ಮೂರು ಪ್ರಯೋಗಗಳಿದ್ದವು. ಒಂದು, ಸೂರ್ಯನಿಂದ ನ್ಯೂಟ್ರಾನ್ ಕಣಗಳು ಮತ್ತು ಗ್ಯಾಮಾ ಕಿರಣಗಳು ಬರ್ತಾವಾ ಅಂತ ನೋಡೋದು. ಎರಡನೇದು, ದೂರದ ನಕ್ಷತ್ರಗಳ ಎಕ್ಸ್‌ರೇ ಹಿಡಿಯೋದು. ಮೂರನೇದು, ಭೂಮಿಯ ಮೇಲ್ಪದರದ ವಾತಾವರಣ ಅಳೆಯೋದು. ಸ್ವತಂತ್ರ ಬಂದು ಮೂವತ್ತು ವರ್ಷ ಆಗದ ದೇಶ. ಊರೂರಿಗೆ ಟಿವಿ ಸಿಗ್ನಲ್ ಇಲ್ಲ, ಫೋನ್ ಇಲ್ಲ. ಅಂಥಾ ದೇಶ ತನ್ನ ಮೊಟ್ಟಮೊದಲ ಉಪಗ್ರಹದಲ್ಲಿ ಸೂರ್ಯನನ್ನೂ ನಕ್ಷತ್ರಗಳನ್ನೂ ನೋಡೋಕೆ ಉಪಕರಣ ಇಟ್ಟು ಕಳಿಸ್ತು. ಆ ಉಪಕರಣಗಳು ಕೆಲಸ ಮಾಡಿದ್ದು ನಾಲ್ಕೇ ದಿನ.

ಅವನ್ನ ಯಾಕೆ ಇಟ್ಟರು, ಅವು ನಿಂತ ಮೇಲೆ ಏನಾಯ್ತು ಅನ್ನೋದು ಈ ಎಪಿಸೋಡಿನ ಕಥೆ. ದಾವಣಗೆರೆ, ಹರಿಹರದಿಂದ ಕೇಳ್ತಿರೋರು "ಇದಕ್ಕೂ ನಮಗೂ ಏನ್ ಸಂಬಂಧ ಮಾರಾಯ" ಅನ್ನಬೇಡಿ. ಮೆಕ್ಕೆಜೋಳದವರೆಗೂ ಬರ್ತೀನಿ.

ಮೊದಲು ಉಡುಪಿ ಹತ್ರದ ಅದಮಾರಿಗೆ ಹೋಗೋಣ. 1932ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಉಡುಪಿ ರಾಮಚಂದ್ರ ರಾವ್. ಜಗತ್ತಿಗೆ ಯು.ಆರ್. ರಾವ್. ಉಡುಪಿಯಲ್ಲಿ ಹೈಸ್ಕೂಲು, ಆಮೇಲೆ ನಮ್ಮ ನೆರೆಯ ಬಳ್ಳಾರಿಯ ವೀರಶೈವ ಕಾಲೇಜು, ಅನಂತಪುರದಲ್ಲಿ ಬಿ.ಎಸ್ಸಿ., ಬನಾರಸ್‌ನಲ್ಲಿ ಎಂ.ಎಸ್ಸಿ. ಕೊನೆಗೆ ಅಹಮದಾಬಾದ್‌ನಲ್ಲಿ ವಿಕ್ರಂ ಸಾರಾಭಾಯಿ ಕೈಕೆಳಗೆ ಪಿಎಚ್.ಡಿ. ವಿಷಯ ಕಾಸ್ಮಿಕ್ ಕಿರಣಗಳು.

ಕಾಸ್ಮಿಕ್ ಕಿರಣ ಅಂದ್ರೆ ಹೆಸರಿನಲ್ಲಿ ಮಾತ್ರ ಕಿರಣ. ನಿಜಕ್ಕೂ ಅವು ಕಣಗಳು. ಹೆಚ್ಚಿನವು ಪ್ರೋಟಾನ್‌ಗಳು. ಕೆಲವು ಸೂರ್ಯನಿಂದ ಬರ್ತಾವೆ, ಕೆಲವು ನಕ್ಷತ್ರಗಳು ಸ್ಫೋಟಿಸಿದ ಜಾಗಗಳಿಂದ. ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಓಡಾಡ್ತಾವೆ. ಈಗ ನೀವು ಇದನ್ನ ಕೇಳ್ತಿರೋವಾಗಲೂ ಇವುಗಳ ಚೂರುಪಾರು ನಿಮ್ಮ ಮೈಯೊಳಗಿಂದ ಹಾದು ಹೋಗ್ತಾ ಇವೆ. ಹೆದರಬೇಡಿ, ನಮ್ಮ ತಲೆ ಮೇಲೆ ವಾತಾವರಣ ಇದೆ.

ಆ ವಾತಾವರಣವೇ ವಿಜ್ಞಾನಿಗಳ ತಲೆನೋವು. ನಮ್ಮ ಮೇಲಿರೋ ಗಾಳಿಯ ಒಟ್ಟು ತೂಕ ಎಷ್ಟು ಗೊತ್ತಾ? ಹತ್ತು ಮೀಟರ್ ಆಳದ ನೀರಿನ ತೂಕದಷ್ಟು. ಹರಿಹರದ ಸೇತುವೆ ಮೇಲೆ ನಿಂತು ತುಂಬಿದ ತುಂಗಭದ್ರೆ ನೋಡಿದೋರಿಗೆ ಇದು ಅರ್ಥ ಆಗುತ್ತೆ. ಅಂಥಾ ಹೊಳೆಯ ತಳದಲ್ಲಿ ಕೂತು, ಮೇಲೆ ಸೇತುವೆ ಮೇಲೆ ಯಾರು ಹೋಗ್ತಿದ್ದಾರೆ ಅಂತ ಗುರುತು ಹಿಡಿಯೋ ಥರದ ಕೆಲಸ ನೆಲದ ಮೇಲಿಂದ ಆಕಾಶ ನೋಡೋದು. ಬೆಳಕೇನೋ ಬರುತ್ತೆ. ಎಕ್ಸ್‌ರೇ ಬರಲ್ಲ. ಗ್ಯಾಮಾ ಬರಲ್ಲ. ಸೂರ್ಯನ ಕಣಗಳು ಅಪರೂಪಕ್ಕೆ, ಅದೂ ಚೂರಾಗಿ ಬರ್ತಾವೆ. ನೆಟ್ಟಗೆ ನೋಡಬೇಕು ಅಂದ್ರೆ ನೀರಿನಿಂದ ತಲೆ ಹೊರಗೆ ಹಾಕಲೇಬೇಕು.

1961ರ ಸುಮಾರಿಗೆ ರಾವ್ ಅಮೆರಿಕದ ಎಂಐಟಿಗೆ ಹೋದರು. ಸಮಯ ಅಂದ್ರೆ ಅದು. 1962ರ ಜೂನ್‌ನಲ್ಲಿ ಅಲ್ಲಿನ ಬ್ರೂನೋ ರೊಸ್ಸಿ ಮತ್ತು ರಿಕಾರ್ಡೋ ಜಿಯಕೋನಿ ಅವರ ತಂಡ ರಾಕೆಟ್‌ನಲ್ಲಿ ಒಂದು ಉಪಕರಣ ಹಾರಿಸಿ, ಸೂರ್ಯನಲ್ಲದ ಇನ್ನೊಂದು ನಕ್ಷತ್ರದಿಂದ ಎಕ್ಸ್‌ರೇ ಬರ್ತಿದೆ ಅಂತ ಮೊದಲ ಸಲ ಕಂಡುಹಿಡೀತು. ವೃಶ್ಚಿಕ ರಾಶಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ನಾಸಾ ಶುಕ್ರ ಗ್ರಹದ ಕಡೆಗೆ ಮರೀನರ್ 2 ನೌಕೆ ಕಳಿಸ್ತು. ಶುಕ್ರ ಎಲ್ಲರಿಗೂ ಗೊತ್ತು. ಆದ್ರೆ ಆ ನೌಕೆ ದಾರಿಯಲ್ಲಿ ಹೋಗ್ತಾ ಹೋಗ್ತಾ ಅಳೆದಿದ್ದು ಇನ್ನೂ ದೊಡ್ಡ ಸಂಗತಿ.

1958ರಲ್ಲಿ ಯೂಜೀನ್ ಪಾರ್ಕರ್ ಅನ್ನೋ ವಿಜ್ಞಾನಿ ಸೂರ್ಯನಿಂದ ಕಣಗಳ ಗಾಳಿಯೊಂದು ಬೀಸ್ತಾನೇ ಇರುತ್ತೆ ಅಂತ ಲೆಕ್ಕ ಹಾಕಿ ಹೇಳಿದ್ರು. ಸೌರ ಮಾರುತ ಅಂತೀವಿ ಈಗ. ಆಗ ಸುಮಾರು ಜನ ನಂಬಲಿಲ್ಲ. ಮರೀನರ್ 2 ತಿಂಗಳುಗಟ್ಟಲೆ ಅಳೆದು ತೋರಿಸ್ತು: ಗಾಳಿ ಇದೆ, ಒಂದು ದಿನವೂ ನಿಲ್ಲಲ್ಲ. ಉಪಕರಣ ಜೆಪಿಎಲ್‌ನ ಮಾರ್ಸಿಯಾ ನ್ಯೂಗಬಾವರ್ ಮತ್ತು ಕಾನ್ವೇ ಸ್ನೈಡರ್ ಅವರದ್ದು. ಆ ಮಾಹಿತಿಯನ್ನ ಇಟ್ಕೊಂಡು 1963ರಲ್ಲಿ ಸ್ನೈಡರ್, ನ್ಯೂಗಬಾವರ್, ರಾವ್ ಮೂವರೂ ಸೇರಿ ಒಂದು ಪ್ರಬಂಧ ಬರೆದರು. ಸೌರ ಮಾರುತ ಜೋರಾದ ದಿನ ಭೂಮಿಯ ಕಾಂತಕ್ಷೇತ್ರವೂ ಅಲುಗಾಡುತ್ತೆ ಅನ್ನೋದು ಅದರ ಸಾರ. ಸೂರ್ಯನ ಮೇಲಿನ ಗಲಾಟೆಗೂ ನಮ್ಮ ಭೂಮಿಯ ಕಾಂತೀಯ ಬಿರುಗಾಳಿಗೂ ನಡುವೆ ಇರೋ ತಂತಿ ಸಿಕ್ಕಿದ್ದು ಅಲ್ಲಿ. ಮೂವರಲ್ಲಿ ಒಬ್ಬರು ಅದಮಾರಿನವರು. ನನಗೆ ಈ ವಿಷಯ ಗೊತ್ತಾದಾಗ ಸ್ವಲ್ಪ ಸಿಟ್ಟೇ ಬಂತು. ಇಷ್ಟು ದೊಡ್ಡ ಸಂಗತಿ ನಮ್ಮ ಯಾವ ಪಾಠದಲ್ಲೂ ಯಾಕಿಲ್ಲ?

ಸೌರ ಮಾರುತದ ಸ್ಪೀಡ್ ಬಗ್ಗೆ ಒಂದು ಅಂದಾಜು ಇರ್ಲಿ. ಸಾಮಾನ್ಯ ದಿನದಲ್ಲಿ ಸೆಕೆಂಡಿಗೆ 400 ಕಿ.ಮೀ. ಆಸುಪಾಸು. ದಾವಣಗೆರೆಯಿಂದ ಹರಿಹರಕ್ಕೆ ನಾವು ಬಸ್ಸಿನಲ್ಲಿ ಅರ್ಧ ಗಂಟೆ ಕೂರ್ತೀವಿ. ಅದು ನೀವು ಕಣ್ಣು ಮಿಟುಕಿಸೋದ್ರೊಳಗೆ ಹೋಗಿ ಬಂದುಬಿಡುತ್ತೆ. ಹಂಗಿದ್ರೂ ಸೂರ್ಯನಿಂದ ಇಲ್ಲಿಗೆ ಬರೋಕೆ ಅದಕ್ಕೆ ನಾಲ್ಕು ದಿನದ ಮೇಲೆ ಬೇಕು. ಯಾಕಂದ್ರೆ ದೂರ 15 ಕೋಟಿ ಕಿ.ಮೀ. ಬೆಳಕಿಗೆ ಎಂಟು ಚಿಲ್ಲರೆ ನಿಮಿಷ ಸಾಕು. ಬೆಳಕು ಮೊದಲು, ಏಟು ಆಮೇಲೆ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ರಾವ್ ಟೆಕ್ಸಾಸ್‌ನ ಡಲ್ಲಾಸ್‌ಗೆ ಹೋದರು. ಅಲ್ಲಿ ಕೆನೆತ್ ಮೆಕ್‌ಕ್ರಾಕೆನ್ ಅವರ ಜೊತೆ ಪಯೋನಿಯರ್ ಸರಣಿಯ ನೌಕೆಗಳಿಗೆ ಕಾಸ್ಮಿಕ್ ಕಿರಣ ಅಳೆಯೋ ಉಪಕರಣ ಮಾಡಿದ್ರು. 1965ರ ಡಿಸೆಂಬರ್ 16ಕ್ಕೆ ಪಯೋನಿಯರ್ 6 ಹೋಯ್ತು. ಇದು ಭೂಮಿಯನ್ನು ಸುತ್ತೋ ಉಪಗ್ರಹ ಅಲ್ಲ, ಸೂರ್ಯನನ್ನೇ ಸುತ್ತೋ ನೌಕೆ. ತನ್ನ ಸುತ್ತ ತಾನೇ ಬುಗುರಿ ಥರ ತಿರುಗ್ತಾ, ಕಣಗಳು ಯಾವ ದಿಕ್ಕಿನಿಂದ ಬರ್ತಾವೆ ಅಂತ ಲೆಕ್ಕ ಇಡ್ತಿತ್ತು.

ಅಲ್ಲಿ ಗೊತ್ತಾಗಿದ್ದು ಏನು ಅಂದ್ರೆ, ಸೂರ್ಯನಿಂದ ಚಿಮ್ಮಿದ ಕಣಗಳು ಮಂಡಕ್ಕಿ ಭಟ್ಟಿಯಿಂದ ಮಂಡಕ್ಕಿ ಸಿಡಿದ ಹಾಗೆ ಎಲ್ಲಾ ಕಡೆ ಚೆಲ್ಲಾಪಿಲ್ಲಿ ಆಗಲ್ಲ. ಸೂರ್ಯ ತನ್ನ ಕಾಂತಕ್ಷೇತ್ರವನ್ನ ಗಾಳಿಯ ಜೊತೆ ಹೊರಗೆ ಎಳ್ಕೊಂಡು ಬರ್ತಾನೆ. ಆ ಕ್ಷೇತ್ರದ ಎಳೆಗಳನ್ನೇ ಹಿಡ್ಕೊಂಡು ಕಣಗಳು ಬರ್ತಾವೆ. ಮೆಕ್‌ಕ್ರಾಕೆನ್ ಮತ್ತು ರಾವ್ ಆ ಎಳೆಗಳು ನೀಟಾಗಿ ಪಕ್ಕಪಕ್ಕ ಇರಲ್ಲ, ಒಂದಕ್ಕೊಂದು ಹೆಣೆದುಕೊಂಡಿರ್ತಾವೆ ಅಂತ ಚಿತ್ರ ಕೊಟ್ರು. ವಿದೇಶದೋರು ಅದಕ್ಕೆ ಬಟ್ಟಲಲ್ಲಿ ಸಿಕ್ಕುಸಿಕ್ಕಾಗಿರೋ ಶಾವಿಗೆಯ ಹೋಲಿಕೆ ಕೊಡ್ತಾರೆ. ದಾವಣಗೆರೆಯೋರಿಗೆ ಶಾವಿಗೆ ಬೇಕಾಗಿಲ್ಲ. ಒಂದು ಕಾಲಕ್ಕೆ ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಮಿಲ್‌ನಲ್ಲಿ ಕೆಲಸ ಮಾಡಿದ ಯಾರನ್ನಾದ್ರೂ ಕೇಳಿ: ಒಂದು ನೂಲು ಹಿಡಿದು ಬಿಚ್ಚಿದ್ರೆ ಒಳಗೆ ಎಷ್ಟು ಎಳೆ ಹುರಿಗೊಂಡಿರ್ತಾವೆ ಅಂತ. ಹತ್ತಿಯ ಎಳೆಯ ಜಾಗದಲ್ಲಿ ಲಕ್ಷಗಟ್ಟಲೆ ಕಿ.ಮೀ. ದಪ್ಪದ ಕಾಂತೀಯ ಎಳೆ ಇಟ್ಟು ನೋಡಿ.

ಪಯೋನಿಯರ್ 6, 7, 8, 9. ನಾಲ್ಕೂ ಸೂರ್ಯನ ಸುತ್ತ ಬೇರೆ ಬೇರೆ ಜಾಗದಲ್ಲಿ. ಸೌರ ಬಿರುಗಾಳಿಯ ಮೇಲೆ ಕಣ್ಣಿಟ್ಟ ಮೊದಲ ಕಾವಲುಗಾರರು ಅಂದ್ರೆ ಇವೇ.

1966ರಲ್ಲಿ ರಾವ್ ಭಾರತಕ್ಕೆ ವಾಪಸ್ ಬಂದರು. ಅಮೆರಿಕದಲ್ಲಿ ನೆಲೆ ಸಿಕ್ಕಿದ್ದ ಮನುಷ್ಯ, ಅಹಮದಾಬಾದ್‌ಗೆ ಬಂದು ಪಾಠ, ಸಂಶೋಧನೆ ಶುರು ಮಾಡಿದ್ರು. 1971ರ ಡಿಸೆಂಬರ್ 30ಕ್ಕೆ ಸಾರಾಭಾಯಿ ತೀರಿಕೊಂಡರು. ಮುಂದಿನ ವರ್ಷ ಮೇ 10ಕ್ಕೆ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯ್ತು: ಉಪಗ್ರಹ ನೀವು ಮಾಡಿ, ರಾಕೆಟ್ ನಮ್ಮದು. ಆಗ ಇಸ್ರೋ ಮುಖ್ಯಸ್ಥರಾಗಿ ಬಂದ ಸತೀಶ್ ಧವನ್ ಬೆಂಗಳೂರಿನ ಐಐಎಸ್‌ಸಿಯವರು. ಉಪಗ್ರಹದ ಕೆಲಸಕ್ಕೆ ಜಾಗ ಸಿಕ್ಕಿದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ.

ಹರಿಹರದ ಹುಡುಗರಿಗೆ ಶೆಡ್ಡು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದಾಗಿನಿಂದ ಈ ಊರಿಗೆ ಲೇತ್, ಕಟಿಂಗ್ ಆಯಿಲ್, ಮೈಕ್ರೋಮೀಟರ್ ಇವೆಲ್ಲಾ ಮನೆ ಮಾತು. ನಮ್ಮ ದೊಡ್ಡಪ್ಪನೂ ಲೇತ್ ಮೇಲೆ ನಿಂತು ಜೀವನ ಮಾಡಿದೋರೇ. "ಒಂದು ಕೂದಲಿನಷ್ಟು ಹೆಚ್ಚುಕಮ್ಮಿ ಆದ್ರೂ ಪೀಸ್ ವಾಪಸ್ ಬರುತ್ತೆ ಕಣೋ" ಅಂತಿದ್ರು. ಪೀಣ್ಯದಲ್ಲಿ ಆಗ ಮಾಡಬೇಕಾಗಿದ್ದ ಪೀಸ್ ವಾಪಸ್ ಬರೋ ಚಾನ್ಸೇ ಇರಲಿಲ್ಲ. ಒಂದ್ಸಲ ಮೇಲೆ ಹೋದ್ರೆ ಯಾವನೂ ಸ್ಪ್ಯಾನರ್ ಹಿಡ್ಕೊಂಡು ಹಿಂದೆ ಹೋಗೋ ಹಾಗಿಲ್ಲ.

ತಂಡದ ಹೆಚ್ಚಿನವರು ಇಪ್ಪತ್ತರ ಹರೆಯದವರು. ಅಂದ್ರೆ ನಿಮ್ಮ ವಯಸ್ಸು, ನನ್ನ ವಯಸ್ಸು. ಅವರಲ್ಲಿ ಬಹುತೇಕರು ಉಪಗ್ರಹ ಅನ್ನೋದನ್ನ ಕಣ್ಣಿಂದ ನೋಡಿದೋರೂ ಅಲ್ಲ. ರಾವ್ ಹಾಕಿದ ಅಂದಾಜು ಖರ್ಚು ಸುಮಾರು 3 ಕೋಟಿ ರೂಪಾಯಿ. ಜಾಗ ಸಾಲದೆ ಒಂದು ಶೌಚಾಲಯವನ್ನೇ ಸ್ವಚ್ಛ ಮಾಡಿ, ಉಪಗ್ರಹದ ಮಾಹಿತಿ ಇಳಿಸಿಕೊಳ್ಳೋ ಕೋಣೆ ಮಾಡಿದ್ದನ್ನ ರಾವ್ ಆಮೇಲೆ ನಗ್ತಾ ನೆನಪು ಮಾಡ್ಕೊಳ್ತಿದ್ರು. ಜನ ಈ ಟಾಯ್ಲೆಟ್ ಕಥೆನ ಮಾತ್ರ ಶೇರ್ ಮಾಡ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಬೇರೆ. ಮೊದಲ ಉಪಗ್ರಹ ಅಲ್ವಾ, "ಬೀಪ್ ಬೀಪ್" ಅಂದ್ರೆ ಸಾಕು ಅಂತ ಬಿಡಬಹುದಿತ್ತು. ಸ್ಪುಟ್ನಿಕ್ ಮಾಡಿದ್ದೂ ಹೆಚ್ಚುಕಮ್ಮಿ ಅಷ್ಟೇ. ಇವರು ಹಾಗೆ ಬಿಡಲಿಲ್ಲ. ಸೂರ್ಯನ ನ್ಯೂಟ್ರಾನ್ ಪ್ರಯೋಗ ಮುಂಬೈನ ಟಿಐಎಫ್‌ಆರ್‌ನಿಂದ, ವಾತಾವರಣದ್ದು ಅಹಮದಾಬಾದ್‌ನ ಪಿಆರ್‌ಎಲ್‌ನಿಂದ, ಎಕ್ಸ್‌ರೇ ಪ್ರಯೋಗ ಬೆಂಗಳೂರಿನ ತಂಡದ್ದೇ. ತಂಡದ ನಾಯಕ ಕಾಸ್ಮಿಕ್ ಕಿರಣದ ಮನುಷ್ಯ ಆಗಿದ್ದಕ್ಕೇ ಮೊದಲ ಉಪಗ್ರಹ ಮುಖ ಮೇಲೆ ಮಾಡಿ ಹುಟ್ತು ಅಂತ ನನ್ನ ಲೆಕ್ಕ.

1975ರ ಏಪ್ರಿಲ್ 19. ಸೋವಿಯತ್ ನೆಲದ ಕಪುಸ್ಟಿನ್ ಯಾರ್‌ನಿಂದ ರಾಕೆಟ್ ಹಾರ್ತು. 360 ಕೆ.ಜಿ.ಯ, 26 ಮುಖಗಳ ಉಪಗ್ರಹ ಸುಮಾರು 600 ಕಿ.ಮೀ. ಎತ್ತರದ ಕಕ್ಷೆ ಸೇರ್ತು. ಹೆಸರಿಗೆ ಮೂರು ಆಯ್ಕೆ ಇದ್ವು: ಆರ್ಯಭಟ, ಮಿತ್ರ, ಜವಾಹರ್. ಇಂದಿರಾ ಗಾಂಧಿ ಆರ್ಯಭಟ ಅಂತ ಆರಿಸಿದ್ರು. ಉಪಕರಣಗಳನ್ನ ಆನ್ ಮಾಡಿದ್ರು. ಎಕ್ಸ್‌ರೇ ಉಪಕರಣ ಹಂಸ ರಾಶಿಯ ಕಡೆ ತಿರುಗಿದಾಗ ಸಿಗ್ನಸ್ ಎಕ್ಸ್-1 ಸಿಕ್ತು. ಆಗಿನ ಕಾಲಕ್ಕೆ "ಇದು ಕಪ್ಪುಕುಳಿಯೇ ಇರಬಹುದು" ಅಂತ ಜಗತ್ತೆಲ್ಲಾ ಜಗಳ ಆಡ್ತಿದ್ದ ವಸ್ತು ಅದು. ಪೀಣ್ಯದ ಶೆಡ್ಡಿನಲ್ಲಿ ಹುಟ್ಟಿದ ಉಪಕರಣ ಅದನ್ನ ನೋಡ್ತು. ಮುಂದಿನ ವರ್ಷ ಆ ಮಾಹಿತಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯ್ತು.

ಆದ್ರೆ ಅಷ್ಟರಲ್ಲಿ ಪ್ರಯೋಗಗಳ ಕಥೆ ಮುಗಿದೋಗಿತ್ತು. ನಾಲ್ಕು ದಿನ ಕಳೆದ ಮೇಲೆ, ಪ್ರಯೋಗಗಳಿಗೆ ಕರೆಂಟ್ ಕೊಡೋ ಸಾಲಿನಲ್ಲಿ ದೋಷ ಬಂತು. ಮೂರೂ ಪ್ರಯೋಗ ಬಂದ್. ಉಳಿದ ಉಪಗ್ರಹ ಗಟ್ಟಿಯಾಗಿತ್ತು. ಆರು ತಿಂಗಳು ಬಾಳಿದ್ರೆ ಸಾಕು ಅಂತ ಮಾಡಿದ್ದು 1981ರವರೆಗೆ ಮಾತಾಡ್ತಾ ಇತ್ತು. 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯ್ತು.

ಈಗ ಇದನ್ನ ಬ್ಯಾಲೆನ್ಸ್ ಶೀಟ್‌ನಲ್ಲಿ ಎಲ್ಲಿ ಬರೀತೀರಿ? ಆಸ್ತಿ ಕಡೆಗೋ, ನಷ್ಟದ ಕಡೆಗೋ? ಅಧಿಕೃತ ಇತಿಹಾಸ "ಯಶಸ್ಸು" ಅನ್ನುತ್ತೆ. ತಪ್ಪಲ್ಲ. ಉಪಗ್ರಹ ಮಾಡೋದು, ಅದರ ತಾಪ ಕಾಪಾಡೋದು, ಅದರ ಜೊತೆ ಮಾತಾಡೋದು, ಶ್ರೀಹರಿಕೋಟಾದಲ್ಲಿ ಸಿಗ್ನಲ್ ಹಿಡಿಯೋದು ಎಲ್ಲಾ ಕಲಿತ್ರು. ಅದು ಬಂಡವಾಳ. ಆದ್ರೆ ಸೂರ್ಯನ ನ್ಯೂಟ್ರಾನ್ ಹುಡುಕೋಕೆ ವರ್ಷಗಟ್ಟಲೆ ಉಪಕರಣ ಕಟ್ಟಿದ ಆ ಹುಡುಗರ ಜಾಗದಲ್ಲಿ ನಿಂತು ನೋಡಿ. ಅವರ ಖಾತೆಯಲ್ಲಿ ನಾಲ್ಕು ದಿನ ಜಮಾ. ಎರಡೂ ನಿಜ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಡೋದು ಆಡಿಟ್‌ನಲ್ಲಿ ನಡೆಯಲ್ಲ, ಇತಿಹಾಸದಲ್ಲಿ ಮಾತ್ರ ಹೆಂಗೋ ನಡೆದುಬಿಡುತ್ತೆ.

ಆಮೇಲೆ ದೇಶ ಉಪಗ್ರಹಗಳ ಮುಖವನ್ನ ಕೆಳಗೆ ತಿರುಗಿಸ್ತು. 1979ರಲ್ಲಿ ಭಾಸ್ಕರ, ಭೂಮಿ ನೋಡೋಕೆ. ಆಮೇಲೆ ಇನ್ಸಾಟ್, ಟಿವಿ, ಫೋನು, ಹವಾಮಾನಕ್ಕೆ. 1988ರಲ್ಲಿ ಐಆರ್‌ಎಸ್-1ಎ, ಬೆಳೆ, ಕಾಡು, ನೀರು ನೋಡೋಕೆ. 1984ರಿಂದ 1994ರವರೆಗೆ ಇಸ್ರೋ ಮುಖ್ಯಸ್ಥರಾಗಿದ್ದು ಇದೇ ರಾವ್. ಸೂರ್ಯನ ಕಣ ಎಣಿಸಿದ ಮನುಷ್ಯನೇ "ಮೊದಲು ರೈತ, ಮೀನುಗಾರ, ಶಾಲೆ, ಸೂರ್ಯ ಆಮೇಲೆ" ಅನ್ನೋ ದಾರಿ ಹಿಡಿದ್ರು. ಅದು ಸರಿಯಾದ ತೀರ್ಮಾನ ಅಂತಲೇ ನಾನು ನಂಬ್ತೀನಿ. ಚಂಡಮಾರುತದ ಮುನ್ಸೂಚನೆಯಿಂದ ಉಳಿದ ಜೀವಗಳ ಮುಂದೆ ಯಾವ ಪ್ರಬಂಧವೂ ದೊಡ್ಡದಲ್ಲ. ಆದ್ರೆ ಅದಕ್ಕೆ ಬೆಲೆ ಕಟ್ಟಿದೋರು ಇದ್ದಾರೆ ಅನ್ನೋದನ್ನ ಮರೀಬಾರದು.

ಬೆಲೆ ಕಟ್ಟಿದ್ದು ಹೆಂಗೆ ಅಂತ ನೋಡೋಕೆ 1980ರ ಫೆಬ್ರವರಿ 16ಕ್ಕೆ ಬನ್ನಿ. ಶನಿವಾರ ಮಧ್ಯಾಹ್ನ. ಖಗ್ರಾಸ ಸೂರ್ಯಗ್ರಹಣ. ನೆರಳಿನ ಪಟ್ಟಿ ಅಂಕೋಲಾ ಕಡೆಯಿಂದ ನೆಲಕ್ಕೆ ಬಂದು, ಹುಬ್ಬಳ್ಳಿ, ಗದಗ, ರಾಯಚೂರು ದಾಟಿ ಆಂಧ್ರದ ಕಡೆ ಹೋಯ್ತು. ದಾವಣಗೆರೆ, ಹರಿಹರ ಪಟ್ಟಿಯಿಂದ ಸ್ವಲ್ಪವೇ ಕೆಳಗೆ ಉಳಿದ್ವು. ಸೂರ್ಯನ ಒಂದು ತೆಳ್ಳನೆ ಚೂರು ಬಿಟ್ಟು ಮಿಕ್ಕಿದ್ದೆಲ್ಲಾ ಮುಚ್ಚಿತ್ತು. ನಮ್ಮಜ್ಜಿ ಹೇಳೋ ಪ್ರಕಾರ ಆ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಒಂದು ಸೈಕಲ್ ಕೂಡ ಓಡಾಡಲಿಲ್ಲ. ಬಾಗಿಲು ಹಾಕಿ, ನೀರಿನ ಕೊಡಕ್ಕೆ ದರ್ಭೆ ಹಾಕಿ ಎಲ್ರೂ ಒಳಗೆ ಕೂತಿದ್ರಂತೆ. "ಬಸುರಿ ಹೆಂಗಸು ನಾನು, ಕಿಟಕಿಗೂ ಬಟ್ಟೆ ಕಟ್ಟಿದ್ರು" ಅಂತಾಳೆ.

ಅದೇ ಹೊತ್ತಿಗೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ತಂಡ ದೂರದರ್ಶಕ ನೆಟ್ಟು ಕೂತಿತ್ತು. ಸಂಸ್ಥೆಯ ನಿರ್ದೇಶಕ ವೈಣು ಬಾಪು. ಅವರು ಆ ಗ್ರಹಣಕ್ಕೆ ಹುರಿದುಂಬಿಸಿ ಕಳಿಸಿದ ಹುಡುಗರಲ್ಲಿ ಒಬ್ಬರು ಜಗದೇವ್ ಸಿಂಗ್. ಅವರಿಗೆ ಬೇಕಿದ್ದದ್ದು ಕರೋನಾ, ಅಂದ್ರೆ ಸೂರ್ಯನ ಸುತ್ತ ಇರೋ ಮಂಕು ಬೆಳಕಿನ ಕಿರೀಟ. ಸೂರ್ಯನ ಮೇಲ್ಮೈ ಹೆಚ್ಚುಕಮ್ಮಿ 5,500 ಡಿಗ್ರಿ ಸೆಲ್ಸಿಯಸ್. ಅದರಿಂದ ದೂರ ಇರೋ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೇಲೆ. ಒಲೆಯಿಂದ ದೂರ ಹೋದಷ್ಟೂ ಸೆಕೆ ಜಾಸ್ತಿ ಅಂದ ಹಾಗೆ. ಯಾಕೆ ಹಂಗೆ ಅನ್ನೋದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಸೌರ ಮಾರುತ ಹುಟ್ಟೋದೂ ಅಲ್ಲಿಂದಲೇ, ಬಿರುಗಾಳಿ ಏಳೋದೂ ಅಲ್ಲಿಂದಲೇ.

ಸೂರ್ಯನ ಕಣ್ಣು ಕುಕ್ಕೋ ಬೆಳಕಿನಲ್ಲಿ ಕರೋನಾ ಕಾಣಲ್ಲ. ಗ್ರಹಣದಲ್ಲಿ ಚಂದ್ರ ಅಡ್ಡ ಬಂದಾಗ ಮಾತ್ರ. ಆ ದಿನ ರಾಯಚೂರಲ್ಲಿ ಸಿಕ್ಕಿದ್ದು ಎರಡೂವರೆ ನಿಮಿಷದ ಆಚೀಚೆ. ವರ್ಷಗಟ್ಟಲೆ ತಯಾರಿ, ಲಾರಿಗಟ್ಟಲೆ ಸಾಮಾನು, ಎರಡೂವರೆ ನಿಮಿಷ. ಒಂದು ರೀಲ್ಸ್ ಸ್ಕ್ರಾಲ್ ಮಾಡೋಷ್ಟು ಹೊತ್ತು. ಜಗದೇವ್ ಸಿಂಗ್ 1980ರಿಂದ 2010ರವರೆಗೆ ಇಂಥ ಹತ್ತು ಗ್ರಹಣ ಯಾತ್ರೆ ಮಾಡಿದ್ರು. ಮೋಡ ಬಂದ್ರೆ ಅದೂ ಹೋಯ್ತು. ಮೂವತ್ತು ವರ್ಷದ ವೃತ್ತಿಯನ್ನ ನಿಮಿಷಗಳಲ್ಲಿ ಎಣಿಸೋ ಪರಿಸ್ಥಿತಿ. ನಾನು ಬೆಲೆ ಅಂದಿದ್ದು ಇದಕ್ಕೇ.

ನಡುವೆ ಪೂರ್ತಿ ಖಾಲಿ ಇರಲಿಲ್ಲ ಬಿಡಿ. 1985ರ ಏಪ್ರಿಲ್‌ನಲ್ಲಿ 'ಅನುರಾಧಾ' ಅನ್ನೋ ನಮ್ಮ ಕಾಸ್ಮಿಕ್ ಕಿರಣ ಪ್ರಯೋಗ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋಗಿ ಬಂತು. 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದ ಜೊತೆ ಒಂದು ಎಕ್ಸ್‌ರೇ ಉಪಕರಣ ಹೋಯ್ತು. 2015ರ ಸೆಪ್ಟೆಂಬರ್ 28ಕ್ಕೆ ಆಸ್ಟ್ರೋಸ್ಯಾಟ್ ಹಾರಿದಾಗ, ಆರ್ಯಭಟನ ಎಕ್ಸ್‌ರೇ ಕನಸಿಗೆ ನಲವತ್ತು ವರ್ಷ ಆದ ಮೇಲೆ ಸ್ವಂತ ಮನೆ ಸಿಕ್ಕಂತಾಯ್ತು. ನಕ್ಷತ್ರಗಳ ಸಾಲ ತೀರ್ತು. ಸೂರ್ಯನದ್ದು ಇನ್ನೂ ಬಾಕಿ.

ಅದಕ್ಕೆ ಬೀಜ ಬಿದ್ದಿದ್ದು 2008ರಲ್ಲಿ. ಗ್ರಹಣಕ್ಕೆ ಕಾಯೋದು ಬಿಟ್ಟು, ಉಪಗ್ರಹದಲ್ಲೇ ಒಂದು ಸಣ್ಣ ಮರೆ ಇಟ್ಟು ಸೂರ್ಯನ ಮುಖ ಮುಚ್ಚಿ, ದಿನವಿಡೀ ಕರೋನಾ ನೋಡೋಣ ಅನ್ನೋ ಯೋಜನೆ. ಆ ಉಪಕರಣಕ್ಕೆ ಕರೋನಾಗ್ರಾಫ್ ಅಂತಾರೆ. ಮೊದಲು ಯೋಚಿಸಿದ್ದು ಭೂಮಿಯ ಹತ್ತಿರವೇ ಸುತ್ತೋ ಒಂದು ಚಿಕ್ಕ ಉಪಗ್ರಹ. ಇಂಥ ಯೋಜನೆಗಳನ್ನ ನೋಡ್ತಿದ್ದ ಇಸ್ರೋದ ಸಲಹಾ ಸಮಿತಿಯ ಅಧ್ಯಕ್ಷರು ಮತ್ತೆ ಅದೇ ಯು.ಆರ್. ರಾವ್, ಆಗ ಎಂಬತ್ತರ ಹತ್ತಿರದ ವಯಸ್ಸು. ಅಷ್ಟು ಕಷ್ಟ ಪಟ್ಟು ಹೋಗೋದಾದ್ರೆ ಭೂಮಿ ಪಕ್ಕದಲ್ಲಿ ಯಾಕೆ, ಎಲ್1ಗೆ ಹೋಗೋಣ ಅನ್ನೋ ಕಡೆಗೆ ಯೋಜನೆಯನ್ನ ಎಳೆದೋರಲ್ಲಿ ಅವರೇ ಮುಂದು.

ಎಲ್1 ಅಂದ್ರೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಒಂದು ಬಿಂದು. ಓಟದ ಮೈದಾನದಲ್ಲಿ ಒಳಗಿನ ಟ್ರ್ಯಾಕ್‌ನೋನು ಬೇಗ ಸುತ್ತು ಮುಗಿಸ್ತಾನಲ್ವಾ, ಹಂಗೆ ಸೂರ್ಯನಿಗೆ ಹತ್ತಿರ ಇರೋ ನೌಕೆ ಭೂಮಿಯನ್ನ ಬಿಟ್ಟು ಮುಂದೆ ಓಡಬೇಕು. ಆದ್ರೆ ಆ ಬಿಂದುವಿನಲ್ಲಿ ಭೂಮಿ ಹಿಂದಿನಿಂದ ಅಂಗಿ ಹಿಡಿದು ಎಳೆಯೋದ್ರಿಂದ, ಎರಡೂ ಜೊತೆಜೊತೆಗೇ ಸೂರ್ಯನನ್ನ ಸುತ್ತಬಹುದು. ಅಲ್ಲಿ ರಾತ್ರಿ ಇಲ್ಲ, ಭೂಮಿಯ ನೆರಳಿಲ್ಲ. ಇನ್ನೊಂದು ಲಾಭ ಕಾಸ್ಮಿಕ್ ಕಿರಣದ ಮನುಷ್ಯನಿಗೆ ಥಟ್ಟನೆ ಹೊಳೆಯುವಂಥದ್ದು: ಅದು ಭೂಮಿಯ ಕಾಂತಕ್ಷೇತ್ರದ ಕೊಡೆಯಿಂದ ಹೊರಗಿದೆ. ಬರೀ ಫೋಟೋ ತೆಗೆಯೋದಲ್ಲ, ಸೌರ ಮಾರುತವನ್ನ ನೇರ ಮೈಮೇಲೆ ಹಾಯಿಸಿಕೊಂಡು ಅಳೆಯಬಹುದು.

ರಾವ್ 2017ರ ಜುಲೈ 24ಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡರು. ಮುಂದಿನ ವರ್ಷ ಇಸ್ರೋ ಉಪಗ್ರಹ ಕೇಂದ್ರಕ್ಕೆ ಅವರ ಹೆಸರಿಟ್ಟರು. ಪೀಣ್ಯದ ಶೆಡ್ಡುಗಳಿಂದ ಬೆಳೆದ ಕೇಂದ್ರ ಅದು. ಆದಿತ್ಯ-ಎಲ್1 ಜೋಡಣೆ ಆಗಿದ್ದು ಅಲ್ಲೇ. ಕರೋನಾಗ್ರಾಫ್ ಕಟ್ಟಿದ್ದು ಖಭೌತ ಸಂಸ್ಥೆಯ ಹೊಸಕೋಟೆ ಕ್ಯಾಂಪಸ್‌ನಲ್ಲಿ. 2023ರ ಸೆಪ್ಟೆಂಬರ್ 2ಕ್ಕೆ ಉಡಾವಣೆ, 2024ರ ಜನವರಿ 6ಕ್ಕೆ ಎಲ್1 ಸುತ್ತಿನ ಕಕ್ಷೆ. ಆರ್ಯಭಟನಿಂದ ಲೆಕ್ಕ ಹಾಕಿದ್ರೆ 48 ವರ್ಷ. ಏಳು ಉಪಕರಣಗಳಲ್ಲಿ ನಾಲ್ಕು ಸೂರ್ಯನನ್ನ ನೋಡ್ತಾವೆ, ಮೂರು ಕಣ ಮತ್ತು ಕಾಂತಕ್ಷೇತ್ರ ಅಳೀತಾವೆ. ಪಯೋನಿಯರ್ ಕೆಲಸ ಮತ್ತೆ, ಈ ಸಲ ನಮ್ಮ ಲೆಕ್ಕದಲ್ಲಿ.

ಕಕ್ಷೆ ಸೇರಿ ನಾಲ್ಕು ತಿಂಗಳಿಗೇ ದೊಡ್ಡ ಪರೀಕ್ಷೆ ಬಂತು. 2024ರ ಮೇ 10, 11. ಸೂರ್ಯನ ಮೇಲಿನ ಒಂದೇ ಕಲೆಯ ಗುಂಪಿನಿಂದ ಸಾಲುಸಾಲಾಗಿ ಸ್ಫೋಟ. ಎರಡು ದಶಕದಲ್ಲೇ ಕಾಣದ ಕಾಂತೀಯ ಬಿರುಗಾಳಿ. ಲಡಾಖ್‌ನ ಹಾನ್ಲೆಯಲ್ಲಿ ಕ್ಯಾಮೆರಾಗೆ ಆಕಾಶ ಕೆಂಪಗೆ ಸಿಕ್ತು. ಆ ಫೋಟೋ ನಿಮ್ಮ ಸ್ಟೇಟಸ್‌ಗೂ ಬಂದಿರುತ್ತೆ. ಸ್ಟೇಟಸ್‌ಗೆ ಬರದೇ ಇದ್ದದ್ದು ಇದು: ಅಮೆರಿಕದಲ್ಲಿ ಆಗ ಮೆಕ್ಕೆಜೋಳ ಬಿತ್ತೋ ಸಮಯ. ಅಲ್ಲಿನ ಟ್ರ್ಯಾಕ್ಟರ್‌ಗಳು ಜಿಪಿಎಸ್ ನಂಬ್ಕೊಂಡು ಇಂಚಿನ ಲೆಕ್ಕದಲ್ಲಿ ಸಾಲು ಹೊಡೀತಾವೆ. ಬಿರುಗಾಳಿಗೆ ಜಿಪಿಎಸ್ ತಪ್ಪು ತೋರಿಸೋಕೆ ಶುರುವಾಗಿ, ಎಷ್ಟೋ ರೈತರು ಹೊಲದ ನಡುವೆ ಯಂತ್ರ ನಿಲ್ಲಿಸಿ ಕೂತ್ರು.

ನಮ್ಮ ಜಿಲ್ಲೆ ಮೆಕ್ಕೆಜೋಳದ ಜಿಲ್ಲೆ. ಇವತ್ತು ಇಲ್ಲಿ ಕೂರಿಗೆ, ಎತ್ತು, ಸಾಮಾನ್ಯ ಟ್ರ್ಯಾಕ್ಟರ್ ಇರೋದ್ರಿಂದ ಸೂರ್ಯ ಏನೇ ಮಾಡಿದ್ರೂ ಬಿತ್ತನೆ ನಿಲ್ಲಲ್ಲ. ಆದ್ರೆ ಔಷಧ ಹೊಡೆಯೋ ಡ್ರೋನ್ ಹೊಲಕ್ಕೆ ಬಂದಾಯ್ತು. ಅದು ಜಿಪಿಎಸ್‌ ಮೇಲೇ ಹಾರೋದು. ಕರೆಂಟ್ ಗ್ರಿಡ್ ಕಥೆ ಇನ್ನೂ ದೊಡ್ಡದು. 1989ರ ಮಾರ್ಚ್ 13ಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ಇಂಥದ್ದೇ ಬಿರುಗಾಳಿಗೆ ಗ್ರಿಡ್ ಬಿದ್ದು, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ರು. 2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್ ಕಂಪನಿ ಆಗಷ್ಟೇ ಹಾರಿಸಿದ 49 ಉಪಗ್ರಹಗಳಲ್ಲಿ ಸುಮಾರು 40ನ್ನ ಒಂದು ಸಾಧಾರಣ ಬಿರುಗಾಳಿಗೇ ಕಳ್ಕೊಳ್ತು. ಕಾಮರ್ಸ್ ಓದಿದೋರು ಇನ್ಶೂರೆನ್ಸ್ ಲೆಕ್ಕ ನೀವೇ ಹಾಕ್ಕೊಳ್ಳಿ.

ಎಲ್1ರಲ್ಲಿ ಕಾವಲು ಇದ್ರೆ ಎಷ್ಟು ಹೊತ್ತು ಮುಂಚೆ ಗೊತ್ತಾಗುತ್ತೆ? ಸುಲಭದ ಗಣಿತ. 15 ಲಕ್ಷ ಕಿ.ಮೀ. ಭಾಗಿಸು 400. ಸುಮಾರು 3,750 ಸೆಕೆಂಡು, ಒಂದು ಗಂಟೆ. ಬಿರುಗಾಳಿ ಜೋರಿದ್ದು ಸ್ಪೀಡ್ ಎರಡು ಪಟ್ಟಾದ್ರೆ ಅರ್ಧ ಗಂಟೆ. ದಾವಣಗೆರೆ ಸ್ಟ್ಯಾಂಡ್‌ನಲ್ಲಿ ಬಸ್ ಹತ್ತಿ ಹರಿಹರದಲ್ಲಿ ಇಳಿಯೋಷ್ಟು ಸಮಯ. ಕಡಿಮೆ ಅನ್ನಿಸ್ತಾ? ಗ್ರಿಡ್ ನಡೆಸೋರಿಗೆ ಲೋಡ್ ಇಳಿಸೋಕೆ, ಉಪಗ್ರಹ ನಡೆಸೋರಿಗೆ ಸೂಕ್ಷ್ಮ ಭಾಗಗಳನ್ನ ಆಫ್ ಮಾಡೋಕೆ ಅಷ್ಟು ಸಿಕ್ಕಿದ್ರೂ ಪುಣ್ಯ. ಆದ್ರೆ ನಾನು ಮೊದಲು ಹೇಳಿದ್ದು ನೆನಪಿದೆಯಾ, ಬೆಳಕು ಮೊದಲು, ಏಟು ಆಮೇಲೆ. ಕರೋನಾಗ್ರಾಫ್ ಸ್ಫೋಟ ಏಳೋದನ್ನೇ ನೋಡಿಬಿಟ್ರೆ ಗಂಟೆ ಅಲ್ಲ, ದಿನಗಳೇ ಸಿಗ್ತಾವೆ. 2024ರ ಜುಲೈ 16ಕ್ಕೆ ಆದಿತ್ಯದ ಕರೋನಾಗ್ರಾಫ್ ಅಂಥಾ ಒಂದು ಸ್ಫೋಟ ಶುರುವಾದ ಹೊತ್ತನ್ನೇ ಹಿಡೀತು. ಜಗದೇವ್ ಸಿಂಗ್ ತಲೆಮಾರು ಎರಡೂವರೆ ನಿಮಿಷಕ್ಕೆ ಜವಳಗೇರಾದ ಬಿಸಿಲಲ್ಲಿ ಕಾದಿದ್ದನ್ನ, ಈ ಯಂತ್ರ ಮಧ್ಯಾಹ್ನದ ಊಟದ ವಿರಾಮವೂ ಇಲ್ಲದೆ ನೋಡ್ತಾ ಕೂತಿದೆ.

ಕೊನೆಗೆ ಒಂದು ಕೆಲಸದ ವಿಷಯ. ಆದಿತ್ಯ ಕಳಿಸೋ ಮಾಹಿತಿ ಬೆಂಗಳೂರು ಹತ್ತಿರದ ಬ್ಯಾಲಾಳುವಿನ ಇಸ್ರೋ ಡೇಟಾ ಕೇಂದ್ರಕ್ಕೆ ಬರುತ್ತೆ. 2025ರ ಜನವರಿಯಿಂದ ಅದನ್ನ ಸಾರ್ವಜನಿಕರಿಗೂ ಬಿಟ್ಟಿದ್ದಾರೆ. ಇಸ್ರೋದ 'ಪ್ರದಾನ್' ಪೋರ್ಟಲ್‌ನಲ್ಲಿ ಇಮೇಲ್ ಕೊಟ್ಟು ನೋಂದಣಿ ಮಾಡ್ಕೊಂಡ್ರೆ ಸಾಕು, ದುಡ್ಡಿಲ್ಲ. ಫೈಲ್‌ಗಳು ದೊಡ್ಡವು, ಮೊಬೈಲ್ ಡೇಟಾದಲ್ಲಿ ಸಾಹಸ ಬೇಡ, ಕಾಲೇಜಿನ ವೈಫೈ ಹುಡುಕ್ಕೊಳ್ಳಿ. ಎಕ್ಸ್‌ರೇ ಉಪಕರಣ ಸೋಲೆಕ್ಸ್‌ನ ಮಾಹಿತಿಯಿಂದ ಶುರು ಮಾಡಿದ್ರೆ ಸುಲಭ. ಹೊತ್ತು ಒಂದು ಕಡೆ, ಬೆಳಕಿನ ಪ್ರಮಾಣ ಒಂದು ಕಡೆ, ಷೇರು ಬೆಲೆಯ ಚಾರ್ಟ್ ಥರಾನೇ ಇರುತ್ತೆ. ಥಟ್ಟನೆ ಮೇಲೆದ್ದು ನಿಧಾನ ಇಳಿಯೋ ಗೆರೆ ಕಂಡ್ರೆ ಅದು ಸೌರಜ್ವಾಲೆ. ತಾರೀಖು ಮೇ 10, 2024 ಹಾಕಿ ನೋಡಿ.